ನಿಂತವರ ಚೀಲದಲ್ಲಿದ್ದ ಪುಸ್ತಕ

ಆ ಬಸ್ಸಿನಲ್ಲಿ ಕೂತವರ ಮಡಿಲು ಕೂತವರದ್ದಲ್ಲ.

ತೀರ್ಥಹಳ್ಳಿಯಿಂದ ಹೊರಟು ಹೊಸನಗರದ ಮೇಲೆ ಸಾಗರಕ್ಕೆ ಹೋಗುವ ಬೆಳಗಿನ ಬಸ್ಸು ಅದು. ಹೊಸನಗರದವರೆಗೆ ಅರ್ಧ ಖಾಲಿ, ಅಲ್ಲಿಂದ ಮುಂದೆ ಕಾಲಿಡಲು ಜಾಗವಿಲ್ಲ. ಹತ್ತಿದವರು ಕಂಬಿ ಹಿಡಿಯುವುದಕ್ಕೂ ಮೊದಲು ಹತ್ತಿರ ಕೂತವರ ಮಡಿಲಿಗೆ ತಮ್ಮ ಹೊರೆ ಇಳಿಸುತ್ತಾರೆ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಊಟದ ಡಬ್ಬಿ, ಛತ್ರಿ, ರಿಪೇರಿಗೆ ಹೊರಟ ಮಿಕ್ಸಿ, ವೀಳ್ಯದೆಲೆಯ ಕಟ್ಟು, ಒಮ್ಮೊಮ್ಮೆ ನಿದ್ದೆಗಣ್ಣಿನ ಕೂಸು. ಇಳಿಯುವಾಗ ಕೈ ಚಾಚಿದರೆ ಸಾಕು, ತಮ್ಮ ವಸ್ತು ತಮ್ಮ ಕೈಗೆ ಬರುತ್ತದೆ. ಇದಕ್ಕೆಲ್ಲ ಇರುವುದು ಒಂದೇ ನಿಯಮ: ಇಟ್ಟುಕೊಳ್ಳಬಹುದು, ಬಿಚ್ಚಿ ನೋಡಬಾರದು.

ವಿಶಾಲಮ್ಮ ಆ ನಿಯಮ ಮುರಿದದ್ದು ಹೊಟ್ಟೆಗೆ ಚುಚ್ಚಿತು ಎನ್ನುವ ಕಾರಣಕ್ಕೆ.

ಮಗಳು ತನುಜಾ ಸಾಗರದ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದಳು. ಅಳಿಯ ಪೂರ್ಣೇಶನಿಗೆ ಊರೂರು ತಿರುಗುವ ಔಷಧ ಕಂಪನಿಯ ಕೆಲಸ. ಹೆರಿಗೆ ರಜೆ ಮುಗಿದಾಗ ಕೂಸನ್ನು ನೋಡಿಕೊಳ್ಳುವವರು ಯಾರು ಎಂಬ ಮಾತು ಬಂತು. ವಿಶಾಲಮ್ಮ ಅಲ್ಲೇ ಹೋಗಿ ಇರುವ ಹಾಗಿರಲಿಲ್ಲ. ಊರಿನಲ್ಲಿ ಗಂಡ ಮಂಜುನಾಥಪ್ಪ ಇದ್ದ, ಗದ್ದೆ ಇತ್ತು, ಅವಳ ಕೈ ಬಿಟ್ಟು ಬೇರೆಯವರಿಗೆ ಹಾಲು ಕೊಡದ ಒಂದು ದನ ಇತ್ತು. ಹಾಗಾಗಿ ಅವಳು ದಿನಾ ಹೋಗಿ ಬರುವ ಅಜ್ಜಿಯಾದಳು. ಬೆಳಿಗ್ಗೆ ಹಾಲು ಕರೆದು, ತಿಂಡಿ ಮಾಡಿಟ್ಟು, ಹೊಸನಗರದ ಇತ್ತಲಾಗಿನ ತಮ್ಮೂರ ಕ್ರಾಸಿನಲ್ಲಿ ಬಸ್ಸು ಹತ್ತುವುದು. ಗಣಪತಿ ಕೆರೆಯ ಹತ್ತಿರದ ಮಗಳ ಬಾಡಿಗೆ ಮನೆಯಲ್ಲಿ ಕೂಸನ್ನು ಮೀಯಿಸಿ, ಉಣಿಸಿ, ಮಲಗಿಸಿ, ಆ ಮನೆಯ ರಾತ್ರಿಯಡುಗೆಯನ್ನೂ ಮುಗಿಸಿ, ಸಂಜೆಯ ಬಸ್ಸಿಗೆ ವಾಪಸು. ಬಂದು ಮತ್ತೆ ಹಾಲು ಕರೆಯುವುದು. ಎರಡು ಒಲೆಗಳ ನಡುವೆ ಅವಳಿಗಿದ್ದದ್ದು ಆ ಬಸ್ಸು ಮಾತ್ರ.

ಹೊಸನಗರದಲ್ಲಿ ಹತ್ತುವ ವಾಗ್ದೇವಿ ಟೀಚರಿಗೆ ಸೀಟು ಸಿಕ್ಕಿದ್ದನ್ನು ನೋಡಿದವರಿಲ್ಲ. ಸಾಗರದ ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ವಯಸ್ಸು ನಲವತ್ತರ ಆಚೀಚೆ, ಹೆಗಲಿಗೆ ಜಿಪ್ಪು ಹೋದ ದೊಡ್ಡ ಚೀಲ, ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡ ಫೋನು. "ಎಂತ? ಸಾಕ್ಸ್ ಕಾಣ್ತಿಲ್ಯಾ? ಅಲ್ಲೇ ಇದ್ದು, ಸರಿ ನೋಡು," ಎಂದು ಮನೆಯ ಮಾತಿನಲ್ಲಿ ಮಗನಿಗೆ ಹೇಳುತ್ತಲೇ ಹತ್ತುವರು, ಹೇಳುತ್ತಲೇ ಚೀಲವನ್ನು ವಿಶಾಲಮ್ಮನ ಮಡಿಲಿಗೆ ಬಿಡುವರು. ಆ ಚೀಲದಿಂದ ಒಂದು ಪುಸ್ತಕದ ಮೂಲೆ ಹೊರಗೆ ಬಂದಿರುತ್ತಿತ್ತು. ಒಂದೊಂದು ತಿರುವಿಗೂ ಅದು ವಿಶಾಲಮ್ಮನ ಹೊಟ್ಟೆಗೆ ನಾಟುತ್ತಿತ್ತು. ಒಂದು ದಿನ ತಡೆಯಲಾರದೆ ಎಳೆದು ಹೊರಗಿಟ್ಟುಕೊಂಡಳು. ಇಟ್ಟುಕೊಂಡದ್ದು ತೆರೆದುಕೊಂಡಿತು. ತೆರೆದಲ್ಲಿ ಒಬ್ಬ ಮುದುಕ ಸೊಸೆಯ ಹತ್ತಿರ ಕಾಫಿ ಕೇಳುತ್ತಿದ್ದ, ಸೊಸೆ ಕೇಳಿಸದವಳ ಹಾಗೆ ಅಕ್ಕಿ ಆರಿಸುತ್ತಿದ್ದಳು. ಕಾಫಿ ಕೊಟ್ಟಳೋ ಇಲ್ಲವೋ ಎಂದು ನೋಡುವಷ್ಟರಲ್ಲಿ ಸಾಗರ ಬಂದಿತ್ತು, ಟೀಚರು ಕೈ ಚಾಚಿ ನಿಂತಿದ್ದರು.

ವಿಶಾಲಮ್ಮನಿಗೆ ಕದ್ದು ಸಿಕ್ಕಿಬಿದ್ದಂತಾಯಿತು. "ಚುಚ್ತಿತ್ತು ಅಕ್ಕೋರೆ, ಅದಕ್ಕೆ ತೆಗ್ದೆ," ಎಂದಳು.

"ಓದಿ ಮಾರಾಯ್ರೆ, ಅದಕ್ಕೆಂತ! ನಿಂತವಳಿಗೆ ಓದಕ್ಕಾಗ್ತದಾ? ಯಾರಾದ್ರೂ ಓದ್ಲಿ," ಎಂದರು ವಾಗ್ದೇವಿ. ಇಳಿದ ಮೇಲೆ ತಿರುಗಿ ನೋಡಿ, "ಆದ್ರೂ ಬಸ್ಸಲ್ಲಿ ಓದಿದ್ರೆ ನಿಮಗೆ ತಲೆ ತಿರುಗಲ್ವಾ?" ಎಂದು ಕೇಳಿದರು.

"ಹಸಿ ಕಟ್ಟಿಗೆ ಹೊಗೆ ಕುಡಿದ ತಲೆ ಇದು. ಇದಕ್ಕೆ ತಿರುಗೋದು ಗಿರುಗೋದು ಎಂತ ಇಲ್ಲ."

ಹಾಗೆ ಶುರುವಾಯಿತು. ವಿಶಾಲಮ್ಮ ಏಳನೇ ತರಗತಿಯವರೆಗೆ ಓದಿದವಳು. ಆಮೇಲೆ ಓದಿದ್ದೆಂದರೆ ಮದುವೆಯ ಕರೆಯೋಲೆ, ಗೊಬ್ಬರದ ಚೀಲದ ಮೇಲಿನ ಹೆಸರು, ಮಗಳ ಮಾರ್ಕ್ಸ್ ಕಾರ್ಡು. ಮೊದಮೊದಲು ಒಂದು ಪುಟಕ್ಕೆ ಎರಡು ಊರು ಬೇಕಾಗುತ್ತಿತ್ತು. ಬರುಬರುತ್ತ ಕಣ್ಣು ಪಳಗಿತು. ತಲೆ ತಿರುಗದಿರಲು ಒಂದು ಉಪಾಯವನ್ನೂ ಅವಳೇ ಕಂಡುಕೊಂಡಳು. ಡ್ರೈವರು ಹಾರನ್ ಹೊಡೆದರೆ ಮುಂದೆ ತಿರುವು ಇದೆ ಎಂದರ್ಥ. ಆಗ ಸಾಲಿನ ಮೇಲೆ ಬೆರಳಿಟ್ಟು ಕಣ್ಣೆತ್ತಿ ಹೊರಗೆ ನೋಡಬೇಕು. ಬಸ್ಸು ನೆಟ್ಟಗಾದ ಮೇಲೆ ಮತ್ತೆ ಕಣ್ಣಿಳಿಸಬೇಕು. ಹೀಗೆ ಕಣ್ಣೆತ್ತಿದಾಗಲೆಲ್ಲ ಓದಿದ ಮಾತು ಒಳಗೆ ಒಂದು ಸುತ್ತು ಹೊಡೆದು ಕೂರುತ್ತಿತ್ತು. ಮಜ್ಜಿಗೆ ಕಡೆಯುವಾಗ ನಡುವೆ ಕೈ ಬಿಟ್ಟು ನೋಡುತ್ತೇವಲ್ಲ, ಬೆಣ್ಣೆ ಬಂತಾ ಅಂತ, ಹಾಗೆ. ತಿರುವುಗಳಿಲ್ಲದ ರಸ್ತೆಯಲ್ಲಿ ಓದುವವರು ಯಾವಾಗ ಯೋಚನೆ ಮಾಡುತ್ತಾರೋ ಎಂದು ಅವಳಿಗೆ ಅನಿಸಿದ್ದುಂಟು.

"ಮನೆಗೇ ತಗಂಡು ಹೋಗಿ," ಎಂದು ವಾಗ್ದೇವಿ ಒಮ್ಮೆ ಪುಸ್ತಕ ಕೊಟ್ಟೂ ನೋಡಿದರು. ಮಾರನೆಯ ದಿನ ವಿಶಾಲಮ್ಮ ಅದನ್ನು ಸೆರಗಿನಲ್ಲಿ ಒರೆಸುತ್ತ ತಂದಳು. ರಟ್ಟಿನ ಮೇಲೆ ದುಂಡಗೆ ಹಾಲಿನ ಗುರುತು. "ನಮ್ಮನೆಯವರು ಹಾಲಿನ ಪಾತ್ರೆಗೆ ಮುಚ್ಚಿಬಿಟ್ಟಿದ್ರು. ಬೆಕ್ಕು ಬಂತಂತೆ. ಬೇಡ ಅಕ್ಕೋರೆ, ಬಸ್ಸಿನ ಪುಸ್ತಕ ಬಸ್ಸಲ್ಲೇ ಇರ್ಲಿ."

ಅಲ್ಲಿಂದ ಮುಂದೆ ವಾಗ್ದೇವಿ ಬಸ್ಸಿಗೆಂದೇ ಪುಸ್ತಕ ಆರಿಸಿ ತರತೊಡಗಿದರು. ಆರಿಸುವುದು ಸುಲಭವಿರಲಿಲ್ಲ. ಮೊದಲು ತಂದ ದಪ್ಪ ಕಾದಂಬರಿಯಲ್ಲಿ ನಾಲ್ಕು ತಲೆಮಾರಿನ ಜನ. ಒಂದು ರಾತ್ರಿ ಕಳೆದು ಬರುವಷ್ಟರಲ್ಲಿ ಯಾರು ಯಾರ ಭಾವ ಎಂಬುದು ವಿಶಾಲಮ್ಮನಿಗೆ ಮರೆತಿರುತ್ತಿತ್ತು. ಕೊನೆಗೆ ಅವರಿಗೆಲ್ಲ ತನ್ನ ನೆಂಟರ ಮುಖ ಹಚ್ಚಿಕೊಂಡಳು. ಅದರಿಂದ ಕಾದಂಬರಿ ದಾರಿಗೆ ಬಂತು. ಆದರೆ ಅದರಲ್ಲಿ ಆಸ್ತಿ ಹೊಡೆದವನಿಗೆ ತನ್ನ ಸೋದರಮಾವನ ಮುಖ ಹಚ್ಚಿದ್ದರಿಂದ, ಒಂದು ಗೃಹಪ್ರವೇಶದಲ್ಲಿ ಆ ಪಾಪದ ಮನುಷ್ಯ ಎದುರು ಬಂದಾಗ ಮಾತಾಡಿಸದೆ ಹೋದಳು.

ಪತ್ತೇದಾರಿ ತಂದಾಗ ಬೇರೆ ತೊಂದರೆ. ಕೊಂದವನು ಬಾಗಿಲ ಸಂದಿಯಲ್ಲಿ ನಿಂತಿರುವಾಗಲೇ ಸಾಗರ ಬಂದುಬಿಟ್ಟಿತು. ಆ ದಿನ ಕೂಸಿನ ಗಂಜಿಗೆ ಎರಡು ಸಲ ಉಪ್ಪು ಬಿತ್ತು. ಮಾರನೆಯ ದಿನ ಕಂಡಕ್ಟರ್ ದುಗ್ಗಪ್ಪನೇ, "ಯಾರಂತೆ ಅಮ್ಮ ಕೊಂದಿದ್ದು? ರಾತ್ರಿ ನಂಗೂ ನಿದ್ದೆ ಇಲ್ಲ," ಎಂದು ಟಿಕೆಟ್ ಹರಿಯುವುದನ್ನು ಬಿಟ್ಟು ನಿಂತ.

ಹಿಮಾಲಯಕ್ಕೆ ಹೋದವರೊಬ್ಬರ ಪ್ರವಾಸದ ಪುಸ್ತಕವನ್ನು ವಿಶಾಲಮ್ಮ ಎರಡನೇ ದಿನಕ್ಕೇ ಮಡಿಸಿದಳು. "ಚೆನ್ನಾಗಿಲ್ವಾ?" ಎಂದರೆ, "ಚೆನ್ನಾಗದೆ. ಆದ್ರೆ ನಾವು ಇತ್ಲಾಗಿ ಹೋಗ್ತಿದ್ರೆ ಅವರು ಅತ್ಲಾಗಿ ಹೋಗ್ತಾರೆ. ಎರಡು ಬಸ್ಸಲ್ಲಿ ಒಟ್ಟಿಗೆ ಕೂತಂಗಾಗ್ತದೆ. ಹೋಗ್ತಾ ಇರೋರಿಗೆ ಮನೇಲಿರೋರ ಕತೆ ಕೊಡಿ ಅಕ್ಕೋರೆ," ಎಂದಳು. ವಾಗ್ದೇವಿ ನಕ್ಕರು. ಕಂಬಿಗೆ ಜೋತುಬಿದ್ದುಕೊಂಡೇ ಸ್ವಲ್ಪ ಹೊತ್ತು ಆ ಮಾತನ್ನು ಯೋಚಿಸಿದರು.

ಒಂದೊಂದು ತಿಂಗಳು ಕವಿತೆಯ ಪುಸ್ತಕ ಬರುತ್ತಿತ್ತು. ಅದು ಖರ್ಚೇ ಆಗುತ್ತಿರಲಿಲ್ಲ. ನಾಲ್ಕು ಸಾಲು ಓದಿದರೆ ಸಾಗರದವರೆಗೂ ಕಿಟಕಿ ನೋಡಬಹುದಿತ್ತು.

ಇಳಿಯುವ ಮೊದಲು ವಾಗ್ದೇವಿ ಬಗ್ಗಿ ಕೇಳುವರು: "ಎಲ್ಲಿಗೆ ಬಂತು?" ವಿಶಾಲಮ್ಮ ಅಂದಿನದ್ದನ್ನು ಹೇಳುವಳು. ಓದಿದ್ದಷ್ಟೇ ಅಲ್ಲ, ಆ ಸೊಸೆ ಮಾಡಿದ್ದು ಸರಿಯೇ, ಆ ಮುದುಕನಿಗೆ ಅಷ್ಟು ಹಟ ಬೇಕಿತ್ತೇ, ಎಲ್ಲವನ್ನೂ. ಅಕ್ಕಪಕ್ಕದವರೂ ಕಿವಿ ಕೊಡುತ್ತಿದ್ದರು. ವಾಗ್ದೇವಿ ಮಾತ್ರ ಎಷ್ಟು ಗಮನವಿಟ್ಟು ಕೇಳುತ್ತಿದ್ದರೆಂದರೆ, ಪುಸ್ತಕವನ್ನು ಮೊದಲೇ ಓದಿದವರು ಇಷ್ಟು ಯಾಕೆ ಕೇಳುತ್ತಾರೆ ಎಂದು ವಿಶಾಲಮ್ಮನಿಗೆ ಒಮ್ಮೊಮ್ಮೆ ಸೋಜಿಗವಾಗುತ್ತಿತ್ತು. ಇನ್ನೊಂದನ್ನೂ ಅವಳು ನೋಡಿದ್ದಳು. ಪ್ರತಿ ಪುಸ್ತಕದಲ್ಲೂ ಮೊದಲ ಹತ್ತಿಪ್ಪತ್ತು ಪುಟದೊಳಗೆ ಪರೀಕ್ಷೆ ಪೇಪರಿನ ಒಂದು ಚೂರು ಇರುತ್ತಿತ್ತು, ಟೀಚರ ಗುರುತು. ವಿಶಾಲಮ್ಮನ ಗುರುತಿನ ಬಸ್ ಟಿಕೆಟು ದಿನದಿನಕ್ಕೂ ಮುಂದೆ ಹೋಗುತ್ತಿತ್ತು. ಆ ಚೂರು ಇದ್ದಲ್ಲೇ ಇರುತ್ತಿತ್ತು. ಹಳೇ ಗುರುತಿರಬೇಕು, ಓದಿ ಮುಗಿಸಿದ ಮೇಲೆ ತೆಗೆಯಲು ಮರೆತಿದ್ದಾರೆ ಅಂದುಕೊಂಡಿದ್ದಳು.

ಏಪ್ರಿಲ್ ಕೊನೆಗೆ, ಫೇಲಾದ ಹತ್ತನೇ ತರಗತಿಯವರಿಗೆ ಪಾಠ ಹೇಳಲು ಟೀಚರು ಬೇಸಿಗೆ ರಜೆಯಲ್ಲೂ ಬರುತ್ತಿದ್ದಾಗ, ಬಂದದ್ದು ಎಮ್ಮೆಯ ಪುಸ್ತಕ. ಒಬ್ಬ ಹೆಂಗಸಿನ ಎಮ್ಮೆ ಕಾಡಿಗೆ ಹೋದದ್ದು ಕೊಟ್ಟಿಗೆಗೆ ಬರುವುದಿಲ್ಲ. ಅವಳು ಕೈಯಲ್ಲೊಂದು ಹಗ್ಗ ಹಿಡಿದು ಹುಡುಕಲು ಹೊರಡುತ್ತಾಳೆ. ಊರಿಂದೂರಿಗೆ ಹೋಗುತ್ತಾಳೆ. ಒಂದೊಂದು ಊರಲ್ಲೂ ಯಾರೋ ಅವಳನ್ನು ಜಗಲಿಗೆ ಕರೆದು, ನೀರು ಬೆಲ್ಲ ಕೊಟ್ಟು, ತಮ್ಮ ಮನೆಯ ಕಷ್ಟ ಹೇಳಿಕೊಳ್ಳುತ್ತಾರೆ. ಎಮ್ಮೆ ಮಾತ್ರ ಮುಂದಿನ ಊರಲ್ಲಿ ಕಂಡಿತಂತೆ. ಅಷ್ಟೇ ಕಥೆ. ಒಂದೂರಿಗೆ ಒಂದು ಅಧ್ಯಾಯ.

ಇಂಥ ಪುಸ್ತಕ ವಿಶಾಲಮ್ಮನ ಕೈಗೆ ಹಿಂದೆ ಬಂದಿರಲಿಲ್ಲ. ಬಸ್ಸು ಒಂದೂರು ಬಿಟ್ಟು ಇನ್ನೊಂದೂರಿಗೆ ಹೊರಟಾಗ ಆ ಹೆಂಗಸೂ ಹೊರಡುತ್ತಿದ್ದಳು.

"ಎಮ್ಮೆ ಸಿಕ್ತಾ?" ಇಳಿಯುವಾಗ ವಾಗ್ದೇವಿಯ ಪ್ರಶ್ನೆ.

"ಇಲ್ಲ ಅಕ್ಕೋರೆ. ನಿನ್ನೆ ಸಂಜೆ ಹೊಳೆ ದಾಟಿದ್ದು ನೋಡಿದಾರಂತೆ."

ದಾರಿಯ ನಡುವಿನ ಬಟ್ಟೆಮಲ್ಲಪ್ಪ ಎಂಬ ಊರಲ್ಲಿ ಹತ್ತುವ ಜಯಪ್ಪನೆಂಬ ಮುದುಕ ಇದನ್ನು ಕೇಳಿಸಿಕೊಂಡು ಬಹಳ ಮರುಗಿದ. "ಎಷ್ಟು ದಿನಾತಮ್ಮ ಕಳೆದು? ಗಬ್ಬದ್ದಾ?" ಎಂದು ಕೇಳಿದ. ವಿಶಾಲಮ್ಮ ಬಾಯಿ ತೆರೆಯುವ ಮೊದಲೇ ಅವನು ಮುಂದುವರಿದ: "ಚೌಡಿಗೊಂದು ಹರಕೆ ಹೊತ್ಕಳ್ಳಿ. ನಮ್ಮದೊಂದು ಹೋರಿ ಹಿಂಗೇ ಹೋಗಿತ್ತು. ಹರಕೆ ಹೊತ್ತು ಮನೆಗೆ ಬರ್ತೀನಿ, ಕೊಟ್ಟಿಗೆ ಮುಂದೆ ನಿಂತದೆ!" ಅಷ್ಟು ಕಳಕಳಿಯಿಂದ ಹೇಳಿದವನಿಗೆ, ಅದು ಪುಸ್ತಕದ ಎಮ್ಮೆ ಎನ್ನಲು ಅವಳಿಗೆ ಮನಸ್ಸಾಗಲಿಲ್ಲ. "ಹೊತ್ಕಳ್ತೀನಿ," ಎಂದಳು. ಅವಳ ಹಿಂದೆ ದುಗ್ಗಪ್ಪ ಕೆಮ್ಮಿದಂತೆ ಮಾಡಿ ನಗು ನುಂಗಿದ.

ಮೇ ತಿಂಗಳ ನಡುವೆ ಒಂದು ಸಂಜೆ ತನುಜಾ ಸಂತೋಷದ ಮುಖ ಹೊತ್ತು ಬ್ಯಾಂಕಿನಿಂದ ಬಂದಳು. "ಅಮ್ಮ, ಪುಟ್ಟಿಗೆ ಸೀಟು ಸಿಕ್ತು. ನರ್ಸರಿ, ಅಲ್ಲೇ ಮಧ್ಯಾಹ್ನ ಮಲಗ್ಸಿ, ನಾನು ಬರೋ ತನಕ ಇಟ್ಕಳ್ತಾರಂತೆ. ಜೂನಿಂದ ನೀನು ಬಸ್ಸಲ್ಲಿ ಬಡಿದಾಡ್ಕಂಡು ಬರೋದು ಬೇಡ. ಎರಡೂವರೆ ವರ್ಷ ಆತಲ್ಲ ಅಮ್ಮ, ಪಾಪ, ನಿಂಗೂ ಸಾಕಾಗಿರ್ತದೆ."

"ಅಂಗಾದ್ರೆ ಒಳ್ಳೇದಾತು," ಎಂದಳು ವಿಶಾಲಮ್ಮ.

ಮೊಮ್ಮಗಳು ಚೈತನ್ಯಾ ಅಜ್ಜಿಯ ಬೆರಳು ಹಿಡಿದು ಬಾಗಿಲವರೆಗೆ ಬಂದು ಟಾಟಾ ಮಾಡಿತು. ವಿಶಾಲಮ್ಮ ಸಂಜೆಯ ಬಸ್ಸಿನಲ್ಲಿ ಕೂತು ತನ್ನನ್ನೇ ಕೇಳಿಕೊಂಡಳು: ಮಗಳು ನನ್ನ ಕಷ್ಟ ನೋಡಿ ಹೇಳಿದ ಮಾತು, ಇದಕ್ಕೆ ಎದೆ ಯಾಕೆ ಭಾರವಾಗಬೇಕು? ಕೂಸನ್ನು ಬಿಟ್ಟಿರುವ ಸಂಕಟ ಇರಬೇಕು ಅಂದುಕೊಂಡಳು. ಅದೂ ಇತ್ತು. ಆದರೆ ಹಾರನ್ ಕೇಳಿ ಅಭ್ಯಾಸಬಲದಿಂದ ಕಣ್ಣೆತ್ತಿದಾಗ ಅವಳಿಗೆ ಕಂಡದ್ದು ಕೂಸಿನ ಮುಖವಲ್ಲ. ಹಗ್ಗ ಹಿಡಿದು ನಿಂತ ಆ ಹೆಂಗಸು. ಜೂನ್ ಒಂದಕ್ಕೆ ಅವಳೂ ನಡುದಾರಿಯಲ್ಲೇ ನಿಂತುಬಿಡುವಳಲ್ಲ. ಇನ್ನು ಮುಂದೆ ನನಗೆ ಓದಲು ಜಾಗವೇ ಇಲ್ಲವಲ್ಲ. ಇದನ್ನು ಯಾರ ಹತ್ತಿರ ಹೇಳುವುದು? ಹೇಳಿದರೆ ನಗುವುದಿಲ್ಲವೇ?

ಕೊನೆಯ ದಿನ ವಾಗ್ದೇವಿಗೆ ವಿಷಯ ಹೇಳಿದಾಗ ಅವರು ಚೀಲವನ್ನಷ್ಟೇ ಎತ್ತಿ ಹೆಗಲಿಗೆ ಹಾಕಿಕೊಂಡರು. ಆಮೇಲೆ, "ಎಮ್ಮೆ ತಗಂಡು ಹೋಗಿ. ಲೈಬ್ರರಿಗೆ ನಾನು ಹೇಳ್ಕಳ್ತೀನಿ. ಹಾಲಿಗೆ ಮುಚ್ಚಿದ್ರೂ ಅಡ್ಡಿಲ್ಲ," ಎಂದು ಪುಸ್ತಕವನ್ನು ಅವಳ ಕೈಗೇ ಒತ್ತಿದರು.

ವಿಶಾಲಮ್ಮ ಮನೆಯಲ್ಲಿ ಓದಲು ನೋಡಿದಳು. ನೋಡಲಿಲ್ಲ ಎನ್ನುವ ಹಾಗಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಕಿಟಕಿಯ ಹತ್ತಿರ ಮಣೆ ಹಾಕಿ ಕೂತು, ಬಸ್ ಟಿಕೆಟ್ ಇಟ್ಟಲ್ಲಿ ತೆರೆದಳು. ಎರಡು ಸಾಲು ಆಗುವುದರೊಳಗೆ ಮಂಜುನಾಥಪ್ಪ, "ನೆಗಡಿಗೆ ಹಚ್ಚೋ ಡಬ್ಬಿ ಎಲ್ಲಿಟ್ಟೆ?" ಎಂದ. ಹುಡುಕಿ ಕೊಟ್ಟು ಬಂದಳು. ಪಕ್ಕದ ಮನೆಯವಳು ಬೇಲಿಯಾಚೆಯಿಂದ, "ಖಾಲಿ ಇದೀಯನೇ ವಿಶಾಲಕ್ಕ? ಹಪ್ಪಳಕ್ಕೆ ಕೈ ಹಾಕ್ತೀಯಾ?" ಎಂದಳು. ತನುಜಾ ಬ್ಯಾಂಕಿನಿಂದ ಫೋನು ಮಾಡಿ, "ಅರಾಮಾಗಿ ಕೂತಿದೀಯಲ್ಲ ಅಮ್ಮ, ಹಂಗೇ ಇರು," ಎಂದು ಅರ್ಧ ಗಂಟೆ ಮಾತಾಡಿದಳು. ದನ ಕೂಗಿತು. ಮಂಜುನಾಥಪ್ಪ ಚಹಾ ಕೇಳಲಿಲ್ಲ, ಪಾಪ. ಬರೀ ಒಳಗೆ ಬಂದು ಒಲೆ ನೋಡಿ ಹೋದ. ಅದೂ ಕೇಳಿದ ಹಾಗೆಯೇ.

ಯಾರೂ ಕೆಟ್ಟವರಲ್ಲ. ಯಾರೂ ಓದಬೇಡ ಎಂದವರಲ್ಲ. ಆದರೆ ಮನೆಯೊಳಗೆ ಕೂತ ಹೆಂಗಸು ಖಾಲಿ ಇರುವ ಹೆಂಗಸು. ಬಸ್ಸಿನಲ್ಲಿ ಕೂತವರನ್ನು ಮಾತ್ರ ಯಾರೂ ಹಾಗೆನ್ನುವುದಿಲ್ಲ. ಅವರು ಎಲ್ಲಿಗೋ ಹೋಗುತ್ತಿರುತ್ತಾರೆ; ಹೋಗುವುದೇ ಒಂದು ಕೆಲಸ. ಅಲ್ಲಿ ಒಲೆಯ ಕೈ ಅವಳಿಗೆ ತಲುಪುವುದಿಲ್ಲ, ಅವಳ ಕೈ ಒಲೆಗೆ ತಲುಪುವುದಿಲ್ಲ. ಎರಡೂವರೆ ವರ್ಷ ತಾನು ಮೊಮ್ಮಗಳನ್ನು ನೋಡಿಕೊಳ್ಳಲು ಹೋಗುತ್ತಿದ್ದೇನೆ ಎಂದುಕೊಂಡಿದ್ದಳು. ಹೋಗುತ್ತಿದ್ದದ್ದು ಹೌದು. ಆ ಹೋಗುವುದರೊಳಗೆ ತನಗೊಂದು ಕೋಣೆ ಸಿಕ್ಕಿತ್ತು ಎಂಬುದು ಈಗ ತಿಳಿಯಿತು.

ಮೂರು ವಾರ ಕಳೆದ ಮೇಲೆ ಒಂದು ಶುಕ್ರವಾರ ಊಟಕ್ಕೆ ಬಡಿಸುತ್ತ ಹೇಳಿದಳು: "ನಾಳೆ ಬೆಳಿಗ್ಗೆ ಬಸ್ಸಿಗೆ ಸಾಗರಕ್ಕೆ ಹೋಗ್ತೀನಿ."

"ಹೋಗು. ಮೊಮ್ಮಗಳನ್ನ ನೋಡ್ದೆ ಇರಕ್ಕಾಗಲ್ಲ ನಿಂಗೆ," ಎಂದ ಮಂಜುನಾಥಪ್ಪ.

ಹೂಂ ಎಂದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿದ್ದ ಹೂಂ ಅನ್ನು ವಿಶಾಲಮ್ಮ ಯಾಕೋ ನುಂಗಿದಳು.

"ಅವಳನ್ನೂ ನೋಡ್ಕಂಡು ಬರ್ತೀನಿ. ಆದ್ರೆ ನಾನು ಹೋಗೋದು ಓದಕ್ಕೆ."

"ಎಂತಕ್ಕೆ?"

"ಪುಸ್ತಕ ಓದಕ್ಕೆ. ಬಸ್ಸಲ್ಲಿ."

ಮಂಜುನಾಥಪ್ಪನಿಗೆ ನಗು ಬಂತು. ಹೆಂಡತಿ ನಗದೇ ಇದ್ದದ್ದು ನೋಡಿ ನಿಂತಿತು. "ಅದಕ್ಕೆ ಬಸ್ಸೇ ಆಗ್ಬೇಕಾ ಮಾರಾಯ್ತಿ? ಮನೇಲಿ ಓದು. ನಾನು ಬೇಡ ಅಂದ್ನಾ?"

"ನೀವು ಬೇಡ ಅನ್ನಲ್ಲ. ಕರೀತೀರಿ."

ಅವನು ಅನ್ನ ಕಲಸುತ್ತ ಕೂತ. ಸಾರು ಬೇಕಿತ್ತು, ಕೇಳಲು ಬಾಯಿ ತೆರೆದವನು ಮುಚ್ಚಿ, ತಾನೇ ಕೈ ಚಾಚಿ ಸೌಟು ಹಿಡಿದ. ಬಡಿಸಿಕೊಂಡದ್ದರಲ್ಲಿ ಅರ್ಧ ನೆಲಕ್ಕೆ ಬಿತ್ತು. "ದನ ಸಂಜೆಗೆ ನಿನ್ನನ್ನೇ ಕಾಯ್ತದೆ. ಅಷ್ಟರೊಳಗೆ ಬಂದ್ರೆ ಆತು," ಎಂದ.

ಶನಿವಾರ ದುಗ್ಗಪ್ಪ ಅವಳನ್ನು ಕಂಡವನೇ, "ಹೋ! ಬಂದ್ರಾ! ಎಲ್ಲಿಗೆ ಕೊಡ್ಲಿ, ಸಾಗರಕ್ಕಾ, ಗ್ರಂಥಾಲಯಕ್ಕಾ?" ಎಂದ. ಹಳೆಯ ಸೀಟು ಖಾಲಿಯಿತ್ತು. ವಿಶಾಲಮ್ಮ ಪುಸ್ತಕ ತೆಗೆದಳು. ಹೊಸನಗರ ಬರುವುದರೊಳಗೆ ಹೆಂಗಸು ಎರಡು ಊರು ದಾಟಿದಳು. ಇನ್ನು ಉಳಿದದ್ದು ಕೊನೆಯ ಊರು, ತೆಳ್ಳಗೆ ಕೆಲವೇ ಹಾಳೆ. ಸಾಗರಕ್ಕೆ ಸರಿಯಾಗಿ ಮುಗಿಯುತ್ತದೆ ಎಂದು ಅವಳು ಬೆರಳಿಂದ ಅಂದಾಜು ಮಾಡಿಕೊಂಡಳು. ಒಳಗೆ ಹಬ್ಬದ ಹಿಂದಿನ ದಿನದಂಥ ಖುಷಿ.

ಹೊಸನಗರದಲ್ಲಿ ಜನ ನುಗ್ಗಿದರು. ನಡುವೆ ವಾಗ್ದೇವಿ, ಕಿವಿಗೆ ಫೋನು. ಅವಳನ್ನು ಕಂಡು ಫೋನನ್ನು ಮಾತಿನ ಮಧ್ಯದಲ್ಲೇ ಕತ್ತರಿಸಿದರು. "ಅಯ್ಯೋ, ವಿಶಾಲಮ್ಮ!" ಎಂದು ಅವಳ ಭುಜ ಹಿಡಿದುಕೊಂಡರು. ಚೀಲ ತಾನಾಗಿ ಮಡಿಲಿಗೆ ಬಂತು. ಹೊಸ ಪುಸ್ತಕದ ಮೂಲೆ ತಾನಾಗಿ ಹೊಟ್ಟೆಗೆ ಚುಚ್ಚಿತು.

ವಿಶಾಲಮ್ಮ ಅದನ್ನು ಎಳೆದು ನೋಡಿದಳು. ಮೊದಲ ಪುಟಗಳಲ್ಲೇ ಪರೀಕ್ಷೆ ಪೇಪರಿನ ಚೂರು. ಆದರೆ ಈ ಪುಸ್ತಕ ಹೊಚ್ಚ ಹೊಸದು. ಮುಂದಿನ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಯಾರೂ ಬಿಡಿಸಿರಲಿಲ್ಲ.

"ಅಕ್ಕೋರೆ, ಇದು ನೀವು ಓದಿದ್ದಲ್ವಾ?"

ವಾಗ್ದೇವಿ ಕಂಬಿ ಬದಲಿಸಿ ಹಿಡಿದರು. "ಇಲ್ಲ."

"ಎಮ್ಮೇದು?"

"ಅದೂ ಇಲ್ಲ." ಅವರು ನಗಲು ನೋಡಿದರು. "ಮೊದಮೊದಲು ಕೊಟ್ಟಿದ್ದೆಲ್ಲ ಮದುವೆಗೆ ಮುಂಚೆ ಓದಿದ್ದು, ನೆನಪಿಂದ ಆರಿಸಿದ್ದು. ಆಮೇಲೆ ಲೈಬ್ರರಿಯಲ್ಲಿ ನಿಂತು ಹತ್ತು ಪುಟ ನೋಡಿ, ಇದು ಬಸ್ಸಿಗೆ ಆಗ್ತದೆ ಅನ್ಸಿದ್ದು ತರ್ತಿದ್ದೆ. ಮನೇಲಿ ಓದಕ್ಕೆ ಎಲ್ಲಿ ಬಿಡ್ತಾರೆ? ಮಕ್ಕಳು, ಅತ್ತೆ, ಪೇಪರ್ ತಿದ್ದೋದು. ಸುಮ್ನೆ ಚೀಲದಲ್ಲಿ ಹೊರ್ತೀನಿ, ಇವತ್ತು ಬಿಡುವಾಗಬಹುದು ಅಂತ. ನೀವು ಓದಿ ಹೇಳ್ತಿದ್ರಲ್ಲ, ಅಷ್ಟೇ ನನ್ನ ಓದು. ಮೂರು ವಾರದಿಂದ ಎಮ್ಮೆ ಎಲ್ಲಿದೆಯೋ ಗೊತ್ತಿಲ್ಲ ನಂಗೆ."

ಕೊನೆಯ ಮಾತನ್ನು ಅವರು ತಮಾಷೆಗೆ ಹೇಳಿದ್ದು. ಹಾರನ್ ಕೇಳಿತು, ಬಸ್ಸು ತಿರುಗಿತು. ವಿಶಾಲಮ್ಮ ಕಣ್ಣೆತ್ತಿದಳು. ಈ ಸಲ ಕಿಟಕಿಯ ಕಡೆಗಲ್ಲ, ಮೇಲಕ್ಕೆ. ಇಷ್ಟು ವರ್ಷ ತನ್ನ ಮಡಿಲಿನ ಚೀಲ ನೋಡಿದ್ದಳು, ಚಾಚಿದ ಕೈ ನೋಡಿದ್ದಳು. ನಿಂತವರ ಮುಖವನ್ನು ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು. ಕಣ್ಣ ಕೆಳಗೆ ಕಪ್ಪು. ಕಂಬಿ ಹಿಡಿದ ತೋಳಲ್ಲಿ ಒಂದು ಬಿಗಿ.

ಅವಳು ಕೊನೆಯ ಊರಿನ ಹಾಳೆಗಳನ್ನು ಬೆರಳಲ್ಲಿ ಇನ್ನೊಮ್ಮೆ ಮುಟ್ಟಿ ನೋಡಿದಳು. ಬಸ್ ಟಿಕೆಟ್ ಇಟ್ಟು ಪುಸ್ತಕ ಮಡಿಸಿ, ಎದ್ದು ನಿಂತಳು.

"ಕೂತ್ಕಳಿ."

"ಎಂತ? ಇಳೀತೀರಾ?"

"ಇಳಿಯಲ್ಲ. ನೀವು ಕೂತ್ಕಳಿ."

"ಛೆ ಛೆ, ನೀವು ದೊಡ್ಡೋರು..." ವಾಗ್ದೇವಿ ಹಿಂದೆ ಸರಿಯಲು ನೋಡಿದರು, ಹಿಂದೆ ಸರಿಯಲು ಜಾಗವಿರಲಿಲ್ಲ. ಸುತ್ತಲಿನವರು ಒಮ್ಮೆಗೇ ಮಾತಾಡಿದರು. ಅಮ್ಮ ನೀವು ಕೂರಿ, ಟೀಚರಿಗೆ ನಾವು ಜಾಗ ಕೊಡ್ತೀವಿ ಎಂದರು, ಕೊಡಲಿಲ್ಲ. ಹಿರಿಯ ಹೆಂಗಸು ಎದ್ದು ಕಿರಿಯಳಿಗೆ ಸೀಟು ಬಿಡುವುದು ಆ ಬಸ್ಸಿನಲ್ಲಿ ಯಾರೂ ಕಂಡದ್ದಲ್ಲ.

"ಬೆಳಿಗ್ಗೆ ಹೋಗ್ತಾ ನಿಮ್ದು, ಸಂಜೆ ಬರ್ತಾ ನಂದು," ಎಂದಳು ವಿಶಾಲಮ್ಮ. "ಸಂಜೆ ಬಸ್ಸು ಖಾಲಿ ಇರ್ತದೆ, ಆಗ ನಾನು ಮುಗಿಸ್ತೀನಿ. ಇನ್ನು ಶನಿವಾರ ಶನಿವಾರ ಬರ್ತೀನಿ, ಹಿಂಗೇ. ಕೂತ್ಕಳಿ ಅಂದ್ನಲ್ಲ!"

ಮಗಳಿಗೆ ಗದರಿದ ಧ್ವನಿ ಅದು. ವಾಗ್ದೇವಿ ಕೂತರು. ತಮ್ಮ ಚೀಲ ತಮ್ಮದೇ ಮಡಿಲಿಗೆ ಬಂದದ್ದನ್ನು ಬೇರೆಯವರದ್ದೆಂಬಂತೆ ನೋಡಿದರು. ವಿಶಾಲಮ್ಮ ಅದರ ಮೇಲೆ ಎಮ್ಮೆಯ ಪುಸ್ತಕ ಇಟ್ಟಳು.

"ಎಲ್ಲಿಂದ ಓದ್ಲಿ? ನೀವು ಹೇಳಿದ್ದಲ್ಲಿಂದ ಮುಂದಾ?"

"ಬೇಡ ಬೇಡ. ನಾನು ಹೇಳಿದ್ದು ನನ್ನ ಎಮ್ಮೆ. ನೀವು ಮೊದಲಿಂದ ಓದಿ."

"ಈ ಫೋನು..."

"ಇಲ್ಲಿ ಕೊಡಿ. ನಿಂತವರ ಚೀಲ ಕೂತವರು ಇಟ್ಕಳ್ಳೋದಾದ್ರೆ, ಕೂತವರ ಫೋನು ನಿಂತವರು ಇಟ್ಕಳ್ಳಕ್ಕಾಗಲ್ವಾ?"

ದುಗ್ಗಪ್ಪ ಹಿಂದಿನಿಂದ, "ಸರಿಯಾತು, ಪಾಳಿ ಬದಲಾತು," ಎಂದು ಸೀಟಿ ಊದಿದ.

ನಿಂತವರಿಗೆ ಕಿಟಕಿಯಿಂದ ಆಕಾಶ ಕಾಣುವುದಿಲ್ಲ ಎಂಬುದು ವಿಶಾಲಮ್ಮನಿಗೆ ಗೊತ್ತಿರಲಿಲ್ಲ. ರಸ್ತೆಯ ಅಂಚು, ಚರಂಡಿಯ ಹುಲ್ಲು, ನಡೆಯುವವರ ಕಾಲು, ಇಷ್ಟೇ ಕಾಣುತ್ತದೆ. ಇಷ್ಟನ್ನೇ ನೋಡುತ್ತ ಇವರು ಇಷ್ಟು ವರ್ಷ ನನ್ನ ಕಥೆ ಕೇಳಿದರಲ್ಲ ಎಂದುಕೊಂಡು ಕಂಬಿಯನ್ನು ಗಟ್ಟಿಯಾಗಿ ಹಿಡಿದಳು. ಕೈಯಲ್ಲಿ ಫೋನು ಗುರುಗುಟ್ಟಿತು. ಸಾಕ್ಸೋ, ಸಾರೋ, ಯಾರಿಗೆ ಗೊತ್ತು. ಅವಳು ಅದನ್ನು ಸೆರಗಿನಲ್ಲಿ ಸುತ್ತಿದಳು. ಸ್ವಲ್ಪ ಹೊತ್ತು ಗೊಣಗಿ ಅದು ಸುಮ್ಮನಾಯಿತು.

ಮುಂದೆ ಹಾರನ್ ಕೇಳಿತು.

"ತಿರುವು ಬಂತು ಅಕ್ಕೋರೆ. ಬೆರಳಿಟ್ಟು ತಲೆ ಎತ್ತಿ."

ವಾಗ್ದೇವಿ ಬೆರಳಿಟ್ಟು ತಲೆ ಎತ್ತಿದರು. ಹೊರಗೆ ನೋಡಿದರು. ಬಸ್ಸು ನೆಟ್ಟಗಾದ ಮೇಲೂ ಸ್ವಲ್ಪ ಹೊತ್ತು ನೋಡುತ್ತಲೇ ಇದ್ದರು, ಆಮೇಲೆ ಕಣ್ಣಿಳಿಸಿದರು. ವಿಶಾಲಮ್ಮನಿಗೆ ಅಷ್ಟು ಸಾಕಾಗಿತ್ತು. ಪುಸ್ತಕ ಅವರಿಗೆ ಹಿಡಿಸಿದೆ.

ಬಟ್ಟೆಮಲ್ಲಪ್ಪದಲ್ಲಿ ಜಯಪ್ಪ ಹತ್ತಿದ. ವಿಶಾಲಮ್ಮನನ್ನು ಕಂಡು ಜನರ ನಡುವೆ ತೂರಿಕೊಂಡು ಬಂದ. "ನೀವು ಕಾಣ್ದೆ ಎಷ್ಟು ದಿನಾತಮ್ಮ! ಚೌಡಿಗೆ ಹೇಳ್ಕಂಡ್ರಾ? ಎಮ್ಮೆ ಸಿಕ್ತಾ?"

ವಿಶಾಲಮ್ಮ ಉತ್ತರ ಹುಡುಕುತ್ತಿರುವಾಗಲೇ, ಪುಸ್ತಕದಿಂದ ಕಣ್ಣು ತೆಗೆಯದೆ ವಾಗ್ದೇವಿ ಹೇಳಿದರು: "ಇನ್ನೂ ಕಳೆದೇ ಇಲ್ಲ ಅಜ್ಜಾ. ಕೊಟ್ಟಿಗೆಲೇ ಅದೆ, ಈಗಷ್ಟೇ ಹಾಲು ಕರೀತಿದಾಳೆ."

ಜಯಪ್ಪ ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡಿದ.

"ತಡೀರಿ," ಎಂದಳು ವಿಶಾಲಮ್ಮ. "ಸಾಗರ ಬರೋದ್ರೊಳಗೆ ಕಳೀತದೆ."